ಸ್ಟ್ಯಾಂಡಿನ ತಂತಿ ಜೋಡಿಸಿದ ಮಳೆಗಾಲ

ಮೊನ್ನೆ ಒಬ್ಬರು ಹೊಳೆಹೊನ್ನೂರಿನಿಂದ ಬೈಕ್ ತಂದಿದ್ದರು. ಮಳೆಯಲ್ಲಿ ಬಂದದ್ದರಿಂದ ಗಾಡಿಯ ತಳವೆಲ್ಲ ಕೆಸರಾಗಿತ್ತು. ಗೇರ್ ಹಾಕಿದ ಕೂಡಲೇ ಇಂಜಿನ್ ನಿಲ್ಲುತ್ತಿತ್ತು. ನಾನು ನೋಡುವ ಮೊದಲೇ ಅವರಿಗೆ ರೋಗವೂ ಗೊತ್ತಿತ್ತು, ಮದ್ದೂ ಗೊತ್ತಿತ್ತು. “ಸೈಡ್ ಸ್ಟ್ಯಾಂಡ್ ಸ್ವಿಚ್ ಹೋಗಿದೆ ಅಕ್ಕಾ. ಡೈರೆಕ್ಟ್ ಮಾಡ್ಕೊಡಿ, ಐದು ನಿಮಿಷದ ಕೆಲಸ” ಎಂದರು. ಬೇರೆ ಯಾವುದೋ ಹಾರ್ನಿನ ಕೆಲಸಕ್ಕೆಂದು ಬೆಸುಗೆ ಕಡ್ಡಿ ಆಗಲೇ ಕಾದಿತ್ತು. ರಾಳದ ಹೊಗೆ ಮೂಗಿಗೆ ಹೊಡೆಯಿತು. ಕಡ್ಡಿಯನ್ನು ಕೆಳಗಿಟ್ಟು, ಅದನ್ನು ನಾನು ಮಾಡುವುದಿಲ್ಲ ಎಂದೆ.

“ಭದ್ರಾವತಿಲಿ ಇದನ್ನ ಮಾಡದೇ ಇರೋ ಅಂಗಡಿ ಇದೊಂದೇ ಇರ್ಬೇಕು ಬಿಡಿ” ಎಂದು ಅವರು ಗಾಡಿ ತಳ್ಳಿಕೊಂಡು ಹೋದರು.

ಅವರ ಮಾತು ಸುಳ್ಳಲ್ಲ. ನಮ್ಮ ಕಡೆ ಎಲ್ಲವನ್ನೂ ಡೈರೆಕ್ಟ್ ಮಾಡುತ್ತಾರೆ. ಪಂಪ್‌ಸೆಟ್ಟಿನ ಸ್ಟಾರ್ಟರ್ ಕೆಟ್ಟರೆ ಡೈರೆಕ್ಟ್, ಮಿಕ್ಸಿಯ ಗುಂಡಿ ಕೆಟ್ಟರೆ ಡೈರೆಕ್ಟ್. ನಡುವಿನ ಸ್ವಿಚ್ಚನ್ನು ಬಿಟ್ಟು ಅದರ ಎರಡು ತಂತಿಗಳನ್ನು ಕೂಡಿಸಿದರೆ ಯಂತ್ರ ಓಡುತ್ತದೆ. ಸ್ವಿಚ್ ಯಾಕೆ ಇತ್ತು ಎಂದು ಯಾರೂ ಕೇಳುವುದಿಲ್ಲ. ಇಪ್ಪತ್ತು ವರ್ಷ ನಾನೂ ಕೇಳಿರಲಿಲ್ಲ.

ನನ್ನ ತಮ್ಮ ಚಂದ್ರು ಈಗ ಈ ಅಂಗಡಿಗೆ ಬರುವುದಿಲ್ಲ. ಇಲ್ಲಿಂದ ಅವನಿರುವ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಅವನು ಒಂದು ಭಾನುವಾರವನ್ನೂ ಬಿಡದೆ ಬರುತ್ತಿದ್ದ. ಆ ಮಳೆಗಾಲದಲ್ಲಿ ನಾನು ಮಾಡಿದ್ದನ್ನು ಬರೆದು ಇಡಬೇಕು ಅನಿಸಿದೆ. ನಾನು ಓದಿದ್ದು ಏಳನೇ ಕ್ಲಾಸು. ಬರೆದು ಅಭ್ಯಾಸವಿಲ್ಲ. ಆದದ್ದನ್ನು ಆದ ಹಾಗೆ ಹೇಳಬಲ್ಲೆ, ಅಷ್ಟೇ.

ಈ ಆಟೋ ಎಲೆಕ್ಟ್ರಿಕಲ್ ಅಂಗಡಿ ಅಪ್ಪನದು. ಕಬ್ಬಿಣದ ಕಾರ್ಖಾನೆಯ ಲಾರಿಗಳು ಸಾಲಾಗಿ ನಿಲ್ಲುತ್ತಿದ್ದ ಕಾಲದಲ್ಲಿ ಹಾಕಿದ್ದು. ಅಪ್ಪನ ಕಣ್ಣು ಮಂಜಾದ ಮೇಲೆ ಬಣ್ಣದ ತಂತಿಗಳನ್ನು ಗುರುತಿಸಿ ಹೇಳಲು ಒಬ್ಬರು ಬೇಕಾಯಿತು, ನಾನು ಶಾಲೆ ಬಿಟ್ಟು ಕೂತೆ. ಅದರಿಂದ ನನಗೆ ಬೇಸರವಾಗಿರಲಿಲ್ಲ. ತಂತಿ ನನಗೆ ಒಲಿದಿತ್ತು. ಚಂದ್ರು ನನಗಿಂತ ಒಂಬತ್ತು ವರ್ಷ ಚಿಕ್ಕವನು. ಡಿಗ್ರಿ ಮಾಡಿ ಔಷಧಿ ಕಂಪನಿಯ ಪ್ರತಿನಿಧಿಯಾಗಿ ಶಿವಮೊಗ್ಗದಲ್ಲಿ ಮನೆ ಮಾಡಿದ್ದ. ಸಾಗರ, ತೀರ್ಥಹಳ್ಳಿ, ಶಿಕಾರಿಪುರದ ಡಾಕ್ಟರುಗಳನ್ನೆಲ್ಲ ಬೈಕಿನಲ್ಲೇ ಸುತ್ತಿ ನೋಡಬೇಕಾದ ಕೆಲಸ. ಅವನ ಹೆಂಡತಿ ಲತಾ ಪ್ರೈಮರಿ ಶಾಲೆಯ ಟೀಚರ್. ನನಗೆ ಮದುವೆಯಾಗಲಿಲ್ಲ. ಅವನ ಮದುವೆಯಾದ ಮೇಲೆ ಅವನು ನಮ್ಮ ಮನೆಗೆ ಬರುವುದು ಹಬ್ಬಕ್ಕೆ ಮಾತ್ರ ಎಂಬಂತಾಗಿತ್ತು.

ಆ ವರ್ಷ ಅವನು ಸೆಕೆಂಡ್ ಹ್ಯಾಂಡಿನಲ್ಲಿ ಒಂದು ದೊಡ್ಡ ಟೂರಿಂಗ್ ಬೈಕ್ ಕೊಂಡ. ದೂರದ ಪ್ರಯಾಣಕ್ಕೆಂದೇ ಮಾಡಿದ್ದು. ಎತ್ತರದ ಗಾಜು, ಎರಡೂ ಪಕ್ಕಕ್ಕೆ ಪೆಟ್ಟಿಗೆ, ಅಗಲ ಟ್ಯಾಂಕು. ನಿಂತಲ್ಲೇ ಒಂದು ಕೋಣದಷ್ಟು ಭಾರ. ಕಾಲೇಜಿನಲ್ಲಿದ್ದಾಗಿನಿಂದ ಅದರ ಚಿತ್ರವನ್ನು ಪರ್ಸಿನಲ್ಲಿ ಇಟ್ಟುಕೊಂಡಿದ್ದವನು. ತಂದು ಮೂರು ವಾರಕ್ಕೆ ಮುಖ ಸಣ್ಣದು ಮಾಡಿಕೊಂಡು ಅಂಗಡಿಗೆ ಬಂದ.

“ಆನೆ ತಂದು ಹಿತ್ತಲಲ್ಲಿ ಕಟ್ಟಿದ ಹಾಗಾಯ್ತು ಅಕ್ಕ. ಊರೊಳಗೆ ಜಗ್ಗುತ್ತೆ. ಕಾಲು ಸುಡುತ್ತೆ. ಸಾಗರಕ್ಕೆ ಹೋಗಿ ಬರೋದ್ರೊಳಗೆ ಸೊಂಟ ಬಿದ್ದೋಗುತ್ತೆ. ಲತಾ ಒಂದು ಸಲ ಕೂತೋಳು ಇನ್ನು ಕೂರಲ್ಲ ಅಂತಾಳೆ. ಮಾರ್ಬಿಡ್ತೀನಿ.”

“ನಿಂಗೆ ಓಡ್ಸೋಕೆ ಬರಲ್ಲ ಅಂತ ಗಾಡಿ ಯಾಕೆ ಮಾರ್ತೀಯೋ. ಈ ಮಳೆಗಾಲ ಮುಗಿಯೋ ತನಕ ನಂಗೆ ಬಿಡು. ಆಮೇಲೆ ಮಾರು” ಎಂದೆ.

ಹಾಗೆ ನಮ್ಮ ಭಾನುವಾರಗಳು ಶುರುವಾದವು. ಗಾಡಿಯ ಜೊತೆ ಇಂಗ್ಲಿಷಿನ ಒಂದು ದಪ್ಪ ಪುಸ್ತಕ ಇತ್ತು. ಚಂದ್ರು ಸ್ಟೂಲಿನ ಮೇಲೆ ಕೂತು ಒಂದೊಂದೇ ಪುಟವನ್ನು ಕನ್ನಡದಲ್ಲಿ ಹೇಳುತ್ತಿದ್ದ, ನಾನು ಕೆಳಗೆ ಕೂತು ಅದರಲ್ಲಿ ಹೇಳಿದ್ದನ್ನು ಗಾಡಿಯಲ್ಲಿ ಹುಡುಕುತ್ತಿದ್ದೆ. ಹೊರಗೆ ತಗಡಿನ ಮೇಲೆ ಮಳೆ. ಪಕ್ಕದ ಲೇತ್ ಅಂಗಡಿಯ ಪೆರುಮಾಳ್ ಮಾಮ ಚಹಾ ಹಿಡಿದು ಬಂದು ನಿಲ್ಲುತ್ತಿದ್ದರು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು, ಕೈ ಸುಮ್ಮನಿರುವುದಿಲ್ಲ ಎಂದು ಲೇತ್ ಇಟ್ಟುಕೊಂಡವರು.

ಮೊದಲ ಭಾನುವಾರವೇ ಒಂದು ಗುಟ್ಟು ಹೊರಬಿತ್ತು. ಚೈನನ್ನು ಯಾರೋ ಖಾಲಿ ಗಾಡಿಯಲ್ಲಿ ನೋಡಿ ಬಿಗಿ ಮಾಡಿದ್ದರು. ಇಬ್ಬರು ಕೂತರೆ ಹಿಂಬದಿ ಇಳಿದು ಅದು ವೀಣೆಯ ತಂತಿಯ ಹಾಗೆ ಎಳೆದು ನಿಲ್ಲುತ್ತಿತ್ತು. ಗಾಡಿ ಜಗ್ಗುತ್ತಿದ್ದುದು ಅರ್ಧ ಅದರಿಂದ. ಇನ್ನರ್ಧ ಆಕ್ಸಿಲರೇಟರಿನ ಕೇಬಲ್ ಸಡಿಲದಿಂದ. ಎರಡನ್ನೂ ಸರಿ ಮಾಡಿದೆವು. ಬ್ಯಾಟರಿಯಿಂದ ಗಾಡಿಯ ಚೌಕಟ್ಟಿಗೆ ಹೋಗುವ ಅರ್ತಿಂಗ್ ತಂತಿ ಹಸಿರು ಕಿಲುಬು ಹಿಡಿದಿತ್ತು, ದಪ್ಪದ್ದು ಹೊಸದು ಹಾಕಿದೆ. ಗುಂಡಿ ಮುಟ್ಟಿದ ಕೂಡಲೇ ಇಂಜಿನ್ ಎದ್ದು ಕೂರತೊಡಗಿತು. ಪೆರುಮಾಳ್ ಮಾಮ ಅಲ್ಯುಮಿನಿಯಂ ಕಡೆದು ಎರಡು ಬಿಲ್ಲೆ ಮಾಡಿಕೊಟ್ಟರು. ಅವನ್ನು ಹ್ಯಾಂಡಲಿನ ಕೆಳಗೆ ಕೊಟ್ಟಾಗ ಅದು ಒಂದು ಇಂಚು ಮೇಲೆ, ಅಷ್ಟೇ ಹಿಂದೆ ಬಂತು. ಚಂದ್ರು ಕೂತು ನೋಡಿ, “ಸೊಂಟ ನೆಟ್ಟಗಾಯ್ತು ಅಕ್ಕ” ಎಂದು ನಕ್ಕ. ಅವನಿಗೆ ದೊಡ್ಡ ಸದ್ದಿನ ಸೈಲೆನ್ಸರ್ ಹಾಕಿಸುವ ಆಸೆಯಿತ್ತು. “ಸದ್ದು ಬಂದ್ರೆ ಶಕ್ತಿ ಬಂತು ಅಂತಲ್ಲ ಕಣೋ, ತಗಡು ಹೋಯ್ತು ಅಂತ” ಎಂದು ಬಿಡಿಸಿದೆ.

ಇನ್ನೊಂದು ಭಾನುವಾರ ಲತಾಳನ್ನೂ ಕರೆದುಕೊಂಡು ಬಂದ. ಹಿಂದಿನ ಸ್ಪ್ರಿಂಗನ್ನು ಎಷ್ಟು ಬಿಗಿ ಮಾಡಬೇಕು ಎಂದು ನೋಡಲು ಇಬ್ಬರೂ ಕೂರಬೇಕಿತ್ತು. ಪೆಟ್ಟಿಗೆಗಳಲ್ಲಿ ಇಟ್ಟಿಗೆ ತುಂಬಿ, ಇಬ್ಬರನ್ನೂ ಕೂರಿಸಿ, ನಾನು ನೆಲದಲ್ಲಿ ಮಲಗಿ ದರ್ಜಿಯ ಟೇಪಿನಲ್ಲಿ ಚಕ್ರದಿಂದ ಸೀಟಿನ ತನಕ ಅಳೆದೆ.

“ಗಣಪತಿ ಕೂರಿಸಿದ ಮಾದರಿ ಕೂರಿಸಿದ್ದೀಯಲ್ಲಮ್ಮಾ ಕಮಲಾ. ಮುಳುಗಿಸೋದು ಯಾವಾಗ?” ಎಂದರು ಪೆರುಮಾಳ್ ಮಾಮ.

“ಮುಳುಗೋದು ನಾನು ಮಾಮ. ಇವರು ಮುಂದೆ ಹಿಡಿಕೊಂಡಿರ್ತಾರೆ, ನಂಗೆ ಹಿಡಿಯೋಕೆ ಏನಿದೆ?” ಎಂದಳು ಲತಾ.

ಅವಳು ಹೇಳಿದ್ದು ಸರಿ ಎಂದು ಅವಳ ಸೀಟಿನ ಪಕ್ಕಕ್ಕೆ ಹಿಡಿಕೆ ಹಾಕಿಸಿದೆವು. ಆದರೂ ಒಂದು ತೊಂದರೆ ಉಳಿಯಿತು. ಗಾಡಿ ಎತ್ತರ, ಚಂದ್ರು ಗಿಡ್ಡ. ಅವನು ಕಾಲೂರಿ ನಿಂತಾಗ ಲತಾ ಹತ್ತಿದರೆ ಗಾಡಿ ವಾಲುತ್ತಿತ್ತು. ಅದಕ್ಕೆ ಉಪಾಯ ಹೇಳಿಕೊಟ್ಟವಳು ನಾನೇ. ಸೈಡ್ ಸ್ಟ್ಯಾಂಡ್ ಹಾಗೇ ಇರಲಿ, ಅವನು ಕೂತು ಬ್ರೇಕ್ ಹಿಡಿಯಲಿ, ಸ್ಟ್ಯಾಂಡಿನ ಭಾರದ ಮೇಲೆ ಅವಳು ಹತ್ತಲಿ, ಆಮೇಲೆ ಅವನು ಗಾಡಿಯನ್ನು ನೆಟ್ಟಗೆ ಮಾಡಿ ಎಡಗಾಲಿನಲ್ಲಿ ಸ್ಟ್ಯಾಂಡ್ ತೆಗೆಯಲಿ. ಅಂಗಡಿಯ ಮುಂದೆ ಹತ್ತು ಸಲ ಅಭ್ಯಾಸ ಮಾಡಿಸಿದೆ. ಮೂರು ಸಲ ಅವನು ಸ್ಟ್ಯಾಂಡ್ ತೆಗೆಯುವುದನ್ನು ಮರೆತು ಗೇರ್ ಹಾಕಿದ. ಮೂರು ಸಲವೂ ಇಂಜಿನ್ ಗಕ್ಕನೆ ನಿಂತಿತು. ಆ ಸ್ವಿಚ್ ಇರುವುದೇ ಅದಕ್ಕೆ. ಸ್ಟ್ಯಾಂಡ್ ಕೆಳಗಿದ್ದರೆ ಗಾಡಿ ಹೊರಡಲು ಬಿಡುವುದಿಲ್ಲ.

“ನಿಮಗಿಂತ ಗಾಡಿಗೇ ಬುದ್ಧಿ ಜಾಸ್ತಿ” ಎಂದಳು ಲತಾ.

“ಅದಕ್ಕೇ ಅಲ್ವಾ ಮಾರಾಯ್ತಿ ಇದನ್ನ ತಗೊಂಡಿದ್ದು. ನಾನು ಮರೆತ್ರೆ ಅದೇ ನೆನಪು ಮಾಡುತ್ತೆ” ಎಂದ ಚಂದ್ರು.

ಈ ಮಾತನ್ನು ನಾನು ಎರಡು ಮಾರು ದೂರದಲ್ಲಿ ನಿಂತು ಕೇಳಿದ್ದೆ. ಕೇಳಿರಲಿಲ್ಲ ಎಂದು ಹೇಳಲು ನನಗೆ ದಾರಿಯಿಲ್ಲ.

ಆಷಾಢ ಕಳೆಯುವ ಹೊತ್ತಿಗೆ ಗಾಡಿ ಬೇರೆಯದೇ ಆಗಿತ್ತು. ಒಂದು ದಿನ ಮಳೆ ಬಿಟ್ಟಾಗ ಅವನು ಬೀಗದ ಕೈ ನನಗೆ ಕೊಟ್ಟು, “ನೀನೇ ನೋಡು” ಎಂದ. ಲಕ್ಕವಳ್ಳಿ ರಸ್ತೆಯಲ್ಲಿ, ಭದ್ರಾ ಕಾಲುವೆಯ ಪಕ್ಕ ಒಬ್ಬಳೇ ಹೋದೆ. ಚೂಡಿದಾರ ಹಾಕಿದ, ನಲವತ್ತು ದಾಟಿದ ಹೆಂಗಸು ಅಂಥ ಗಾಡಿಯಲ್ಲಿ ಹೋಗುವುದನ್ನು ಗದ್ದೆಯಲ್ಲಿದ್ದವರು ನಡು ನೆಟ್ಟಗೆ ಮಾಡಿ ನಿಂತು ನೋಡಿದರು. ಮೂರನೇ ಗೇರಿನಲ್ಲಿ ಕೈ ತಿರುಗಿಸಿದೆ. ಗಾಡಿ ಸದ್ದು ಮಾಡಲಿಲ್ಲ, ಜಗ್ಗಲಿಲ್ಲ. ಬೆನ್ನಿಗೆ ಯಾರೋ ಅಂಗೈ ಇಟ್ಟು ಮುಂದೆ ದೂಡಿದ ಹಾಗೆ ಹೋಯಿತು. ತಿರುವಿನಲ್ಲಿ ನಾನು ವಾಲಿದಷ್ಟೇ ವಾಲಿತು, ನಾನು ಎದ್ದಾಗ ಎದ್ದಿತು. ನನ್ನ ಬದುಕಿನಲ್ಲಿ ನಾನು ರಿಪೇರಿ ಮಾಡಿದ್ದೆಲ್ಲ ಬೇರೆಯವರು ಓಡಿಸಿಕೊಂಡು ಹೋಗುವುದಕ್ಕೆ. ಅವತ್ತು ಹಿಂದಕ್ಕೆ ಬರುವಾಗ ಅಳು ಬಂತು, ಗಾಳಿಗೆ ಎಂದುಕೊಂಡೆ.

ಚಂದ್ರು ಗಾಡಿ ಮಾರುವ ಮಾತನ್ನು ಬಿಟ್ಟಿದ್ದ. ಶ್ರಾವಣದಲ್ಲಿ ಲತಾಳಿಗೆ ಮೂರು ದಿನ ಒಟ್ಟಿಗೆ ರಜೆ ಸಿಗುವುದಿತ್ತು. ಸಾಗರದ ಮೇಲೆ ಹೊನ್ನಾವರಕ್ಕೆ ಹೋಗಿ ಸಮುದ್ರದ ಪಕ್ಕದ ರಸ್ತೆಯಲ್ಲಿ ಓಡಿಸಬೇಕು ಎಂದು ಇಬ್ಬರೂ ಲೆಕ್ಕ ಹಾಕಿದರು. ನಾನು ಮಾಡಿದ ಗಾಡಿ, ನಾನು ಅಳೆದ ಸೀಟು. ಅದರ ಮೇಲೆ ಕೂತು ಸಮುದ್ರ ನೋಡುವವಳು ಅವಳು. ಒಂದು ಕ್ಷಣ ಅವಳ ಮೇಲೆ ಹೊಟ್ಟೆಕಿಚ್ಚಾಯಿತು. ಅದನ್ನೂ ಬರೆದುಬಿಡುತ್ತೇನೆ.

ಹೊರಡುವ ವಾರ ಗಾಡಿ ಮಳೆಯಲ್ಲಿ ನಿಲ್ಲತೊಡಗಿತು. ಎರಡು ಸಲ ಹೈವೇಯಲ್ಲಿ ಓಡುತ್ತಿರುವಾಗಲೇ ನಿಂತಿತು. ಬುಧವಾರ ಅವನು ಅದನ್ನು ನನ್ನ ಅಂಗಡಿಯಲ್ಲಿ ಬಿಟ್ಟು ಬಸ್ಸಿನಲ್ಲಿ ಹೋದ. ಕಾರಣ ನನಗೆ ಅರ್ಧ ಗಂಟೆಯಲ್ಲಿ ಸಿಕ್ಕಿತು. ಸ್ಟ್ಯಾಂಡಿನ ಸ್ವಿಚ್ಚಿನೊಳಗೆ ನೀರು, ಕೆಸರು ಹೋಗಿತ್ತು. ಸ್ಟ್ಯಾಂಡ್ ಮೇಲಿದ್ದರೂ ಕೆಳಗಿದೆ ಎಂದು ತಿಳಿದು ಇಂಜಿನ್ ನಿಲ್ಲಿಸುತ್ತಿತ್ತು. ಫೋನ್ ಮಾಡಿ ಹೇಳಿದೆ. ಸಂಜೆ ಅವನೇ ಮತ್ತೆ ಮಾಡಿದ.

“ಶೋರೂಮ್‌ನೋರನ್ನ ಕೇಳ್ದೆ ಅಕ್ಕ. ಹೊಸ ಸ್ವಿಚ್ ಬರೋಕೆ ಹತ್ತು ದಿನ ಅಂತೆ. ಟ್ರಿಪ್ ಮುಂದಕ್ಕೆ ಹಾಕ್ತೀನಿ. ಗಾಡಿ ಅಲ್ಲಿಗೇ ಬಿಡ್ತೀನಿ, ಇಂಥದಕ್ಕೆಲ್ಲ ಕಂಪ್ಯೂಟರ್ ಹಾಕಿ ನೋಡ್ಬೇಕಂತೆ. ನೀನು ಮುಟ್ಬೇಡ.”

ಮುಟ್ಟಬೇಡ ಎಂದು ಅವನು ಸಿಟ್ಟಿನಿಂದ ಹೇಳಲಿಲ್ಲ. ಆದರೆ ನನಗೆ ಆ ಒಂದೇ ಮಾತು ಕೇಳಿಸಿತು. ಗಾಡಿ ಶೋರೂಮಿಗೆ ಹೋದರೆ ಇನ್ನು ಅಲ್ಲಿಗೇ ಹೋಗುತ್ತದೆ, ಭಾನುವಾರಗಳು ಮುಗಿದವು ಎನಿಸಿತು. ಗುರುವಾರವೆಲ್ಲ ಸ್ವಿಚ್ಚನ್ನು ಪೆಟ್ರೋಲಿನಲ್ಲಿ ತೊಳೆದೆ, ಒಣಗಿಸಿದೆ, ಗ್ರೀಸ್ ಹಾಕಿದೆ. ನೀರು ಹಾಕಿ ನೋಡಿದರೆ ಮತ್ತೆ ಅದೇ. ಶುಕ್ರವಾರ ಮಧ್ಯಾಹ್ನ ಸ್ವಿಚ್ಚಿನ ಹಿಂದೆ ಒಂದು ಗೇಣು ಬಿಟ್ಟು ಎರಡು ತಂತಿ ಕತ್ತರಿಸಿ, ಸುಲಿದು, ಒಂದಕ್ಕೊಂದು ಹೆಣೆದು ಬೆಸುಗೆ ಹಾಕಿ ಟೇಪು ಸುತ್ತಿದೆ. ಸ್ವಿಚ್ ತನ್ನ ಜಾಗದಲ್ಲೇ ಇತ್ತು, ನೋಡಿದವರಿಗೆ ಏನೂ ತಿಳಿಯುತ್ತಿರಲಿಲ್ಲ. ಇಂಜಿನ್ನಿಗೆ ಮಾತ್ರ ಇನ್ನು ಸ್ಟ್ಯಾಂಡ್ ಯಾವಾಗಲೂ ಮೇಲೇ.

ಅವನಿಗೆ ಫೋನ್ ಮಾಡಿ, “ತೊಳೆದೆ, ಸರಿಯಾಯ್ತು. ಬಂದು ತಗೊಂಡು ಹೋಗು” ಎಂದೆ.

“ಡೈರೆಕ್ಟ್ ಮಾಡಿಲ್ಲ ತಾನೆ?”

“ಇಲ್ಲ ಕಣೋ. ನಂಗೆ ಅಷ್ಟೂ ಗೊತ್ತಾಗಲ್ವಾ?”

ಅವನು ಸಂಜೆ ಬಂದ. ಮಳೆ ಜೋರಿತ್ತು, ಒಳಗೆ ಕೂರಲಿಲ್ಲ. “ನೀನಿಲ್ದೇ ಹೋಗಿದ್ರೆ ಈ ಟ್ರಿಪ್ ಆಗ್ತಾನೇ ಇರ್ಲಿಲ್ಲ” ಎಂದು ಹೇಳಿ ಹೋದ. ಆ ಮಾತನ್ನು ಕೇಳುವುದಕ್ಕೇ ನಾನು ಅದನ್ನು ಮಾಡಿದ್ದು.

ಶನಿವಾರ ಬೆಳಿಗ್ಗೆ ಅವರು ಶಿವಮೊಗ್ಗದಿಂದ ಹೊರಟರು. ಕುಂಸಿಯಲ್ಲಿ ಮಳೆ ಹಿಡಿಯಿತೆಂದು ನಿಲ್ಲಿಸಿ, ಚಹಾ ಕುಡಿದು, ರೇನ್‌ಕೋಟ್ ಹಾಕಿಕೊಂಡರು. ನಾನು ಕಲಿಸಿದ ಹಾಗೆ ಸ್ಟ್ಯಾಂಡಿನ ಭಾರದ ಮೇಲೆ ಲತಾ ಹತ್ತಿದಳು. ಅವನು ಸ್ಟ್ಯಾಂಡ್ ತೆಗೆಯುವುದನ್ನು ಮರೆತ, ಗೇರ್ ಹಾಕಿದಾಗ ಇಂಜಿನ್ ನಿಲ್ಲಲಿಲ್ಲ. ಊರು ದಾಟಿದ ಮೇಲೆ ಸಿಕ್ಕ ಮೊದಲ ಎಡ ತಿರುವಿನಲ್ಲಿ ಗಾಡಿ ಎಡಕ್ಕೆ ವಾಲಿದಾಗ ಸ್ಟ್ಯಾಂಡ್ ಟಾರಿಗೆ ನಾಟಿತು. ಗಾಡಿ ಬಲಕ್ಕೆ ಎಗರಿ ಬಿತ್ತು. ಎದುರಿಗೆ ಬರುತ್ತಿದ್ದ ಬಸ್ಸಿನವರು ದೂರದಿಂದಲೇ ಬ್ರೇಕ್ ಹಾಕಿದ್ದರಿಂದ ಇಬ್ಬರ ಜೀವ ಉಳಿಯಿತು. ಚಂದ್ರುವಿನ ಬಲ ಭುಜದ ಎಲುಬು ಮುರಿದಿತ್ತು, ತಲೆಗೂ ಪೆಟ್ಟಾಗಿತ್ತು. ಲತಾಳ ಬಲ ಭುಜದ ಕೀಲು ನುಚ್ಚಾಗಿತ್ತು.

ಆಸ್ಪತ್ರೆಯಲ್ಲಿ ಅವನಿಗೆ ಎಚ್ಚರವಾದಾಗ ನಾನು ಪಕ್ಕದಲ್ಲಿದ್ದೆ. “ಸ್ಟ್ಯಾಂಡ್ ಸದ್ದು ಕೇಳ್ತು ಅಕ್ಕ. ಕರ್ ಅಂತ” ಎಂದ. ಮಲಗು ಎಂದೆ.

ಮಾರನೇ ದಿನ ಗಾಡಿಯನ್ನು ಟೆಂಪೋದಲ್ಲಿ ನನ್ನ ಅಂಗಡಿಗೆ ತಂದು ಇಳಿಸಿದರು. ವಿಮೆಯವರು ನೋಡಲು ಬರುತ್ತಾರೆ, ಗಾಡಿಗೆ ಯಾರಾದರೂ ಕೈ ಹಾಕಿದ್ದು ತಿಳಿದರೆ ಅವನಿಗೆ ಏನೂ ಸಿಗುವುದಿಲ್ಲ ಎಂದು ಟೆಂಪೋದವರು ಮಾತಾಡಿಕೊಂಡರು. ಅವನಿಗಾಗಿ ಮಾಡುತ್ತಿದ್ದೇನೆ ಎಂದು ಅವತ್ತು ನನಗೆ ನಾನೇ ಹೇಳಿಕೊಂಡೆ. ಆದರೆ ನಾನು ಹೆದರಿದ್ದು ನನಗಾಗಿ. ಷಟರ್ ಅರ್ಧ ಎಳೆದು, ಬೆಸುಗೆ ಬಿಡಿಸಿ, ತಂತಿಗಳನ್ನು ಮೊದಲಿನ ಹಾಗೆ ಸ್ವಿಚ್ಚಿಗೆ ಜೋಡಿಸಿದೆ. ಸ್ವಿಚ್ ಅಷ್ಟರಲ್ಲಿ ಒಣಗಿ ಸರಿಯಾಗಿ ಕೆಲಸ ಮಾಡುತ್ತಿತ್ತು. ಹೊಸ ಟೇಪು ಹೊಳೆಯುತ್ತಿತ್ತು. ಚಕ್ರದ ಮೇಲಿನ ಕೆಸರನ್ನು ಬೆರಳಿನಲ್ಲಿ ತೆಗೆದು ಅದಕ್ಕೆ ಸವರುತ್ತಿದ್ದಾಗ ಷಟರಿನ ಕೆಳಗೆ ಪೆರುಮಾಳ್ ಮಾಮ ಬಗ್ಗಿದರು. ಸ್ವಲ್ಪ ಹೊತ್ತು ನೋಡಿದರು.

“ಗಾಡಿಗೆ ಮೇಕಪ್ಪಾ ಅಮ್ಮಾ?” ಎಂದರು.

ನಾನು ಇನ್ನಷ್ಟು ಕೆಸರು ಸವರಿದೆ. ಅವರು ಮತ್ತೆ ಕೇಳಲಿಲ್ಲ. ಅವತ್ತಿನಿಂದ ನನ್ನ ಅಂಗಡಿಗೆ ಚಹಾ ಹಿಡಿದು ಬರುವುದನ್ನು ಬಿಟ್ಟರು.

ವಿಮೆಯವರು ಬಂದರು, ಸ್ಟ್ಯಾಂಡ್ ಇಳಿಸಿ ಗೇರ್ ಹಾಕಿ ನೋಡಿದರು. ಇಂಜಿನ್ ನಿಂತಿತು. ಒದ್ದೆ ರಸ್ತೆ, ವೇಗ ಎಂದು ಬರೆದುಕೊಂಡು ಹೋದರು. ನನ್ನ ಎದೆಯ ಭಾರ ಇಳಿಯಿತು ಎಂದುಕೊಂಡೆ. ಏನು ಮಾಡಿದೆ ಎಂಬುದು ನನಗೆ ತಿಳಿದದ್ದು ತಿಂಗಳ ಮೇಲೆ.

ಚಂದ್ರು ಕೈಯನ್ನು ಕೊರಳಿಗೆ ಕಟ್ಟಿಕೊಂಡು ಬಂದ. ಗಾಡಿ ಒಳಗಿತ್ತು, ಹ್ಯಾಂಡಲ್ ಸೊಟ್ಟಗಾಗಿತ್ತು. ಮೇಲೆ ಕೂತು, ಎಡಗೈಯಲ್ಲಿ ಕ್ಲಚ್ ಹಿಡಿದು, ನನ್ನಿಂದ ಸ್ಟಾರ್ಟ್ ಮಾಡಿಸಿದ. ಸ್ಟ್ಯಾಂಡ್ ಕೆಳಗಿತ್ತು. ಗೇರ್ ಹಾಕಿದ. ಇಂಜಿನ್ ನಿಂತಿತು. ಮತ್ತೆ ಸ್ಟಾರ್ಟ್ ಮಾಡು ಎಂದ. ಮತ್ತೆ ನಿಂತಿತು. ಏಳು ಸಲ ಮಾಡಿಸಿದ. ಏಳನೇ ಸಲ ಅವನ ಮುಖದಲ್ಲಿ ಬೆವರು ಇಳಿಯುತ್ತಿತ್ತು.

“ಸ್ಟ್ಯಾಂಡ್ ಕೆಳಗಿದ್ರೆ ಗಾಡಿ ಹೊರಡೋದೇ ಇಲ್ಲ” ಎಂದ.

“ಹೂಂ.”

“ಹಾಗಾದ್ರೆ ನಾನು ಸ್ಟ್ಯಾಂಡ್ ತೆಗ್ದೇ ಹೊರಟಿದೀನಿ. ಆದ್ರೆ ನಂಗೆ ಸ್ಟ್ಯಾಂಡ್ ಸದ್ದು ಕೇಳ್ತಲ್ಲ ಅಕ್ಕ. ಕಾಲಿಗೆ ಒದ್ದ ಹಾಗಾಯ್ತಲ್ಲ. ಅದೇನು?”

ಬಾಯಿ ತೆಗೆದರೆ ಸಾಕಿತ್ತು. ಅವನು ನನ್ನ ಮುಖವನ್ನೇ ನೋಡುತ್ತಿದ್ದ. “ತಲೆಗೆ ಪೆಟ್ಟಾಗಿತ್ತಲ್ಲ, ಏನೋ ಅನ್ಸಿರತ್ತೆ. ಆದದ್ದು ಆಯ್ತು, ಬಿಡು” ಎಂದೆ.

ಅವನು ಬಿಡಲಿಲ್ಲ. ಆ ಸದ್ದು ಕೇಳಿದ್ದು ನಿಜವೋ ಸುಳ್ಳೋ ಎಂಬುದೇ ಅವನ ಬದುಕಾಯಿತು. ಸುಳ್ಳಾದರೆ ತಾನು ಕಂಡದ್ದು, ಕೇಳಿದ್ದು ಯಾವುದನ್ನೂ ನಂಬುವ ಹಾಗಿಲ್ಲ ಎನ್ನುತ್ತಿದ್ದ. ಭುಜ ಕೂಡಿದ ಮೇಲೂ ಗಾಡಿ ಹತ್ತಲಿಲ್ಲ, ದೊಡ್ಡದನ್ನೂ ಇಲ್ಲ, ಸ್ಕೂಟರನ್ನೂ ಇಲ್ಲ. ಗ್ಯಾಸ್ ಒಲೆ ಆರಿಸಿದೆನೋ ಇಲ್ಲವೋ ಎಂದು ಮೂರು ಸಲ ಮುಟ್ಟಿ ನೋಡುತ್ತಿದ್ದನಂತೆ. ಊರೂರು ಸುತ್ತುವ ಕೆಲಸ ಹೋಯಿತು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನಮ್ಮ ಸೋದರಮಾವನ ಬಟ್ಟೆ ಅಂಗಡಿಯಿದೆ. ಅಲ್ಲಿ ಗಿರಾಕಿಗಳು ಬಿಚ್ಚಿಸಿ ಬಿಟ್ಟುಹೋದ ಸೀರೆಗಳನ್ನು ಮಡಿಚುವ ಕೆಲಸಕ್ಕೆ ಕೂತ. ದೊಡ್ಡ ಗಾಡಿಯನ್ನು ಯಾರೋ ಬಂದು ಕೊಂಡು ಹೋದರು. ಚಳಿಗಾಲದಲ್ಲಿ ಲತಾ ಅಲ್ಲೇ ಹೊಸಮನೆ ಬಡಾವಣೆಯ ತನ್ನ ತವರಿಗೆ ಹೋದಳು, ತಿರುಗಿ ಬರಲಿಲ್ಲ. ಕೈ ಮುರಿಸಿದ ಗಂಡ ಎಂದು ಬಿಟ್ಟು ಹೋದಳು ಎಂದು ನಮ್ಮವರು ಆಡಿಕೊಂಡರು. ಅದನ್ನು ಕೇಳಿಯೂ ನಾನು ಸುಮ್ಮನಿದ್ದೆ. ಬೆಳಿಗ್ಗೆ ಅಂಗಡಿ ತೆಗೆದೆ, ರಾತ್ರಿ ಬಾಗಿಲು ಹಾಕಿದೆ. ಬೆಸುಗೆ ಹಾಕುವಾಗ ಉಸಿರು ಬಿಗಿ ಹಿಡಿಯುವುದನ್ನು ಕಲಿತೆ.

ಒಂದು ವರ್ಷ ಹೀಗೆ ಹೋಯಿತು. ಮರುವರ್ಷದ ಮಳೆ ಹಿಡಿದಾಗ ತಡೆಯಲಾಗಲಿಲ್ಲ. ಮೊದಲು ಲತಾಳಿಗೆ ಹೇಳೋಣ, ಅವಳ ಎದುರು ಸುಲಭ ಎಂದು ಹೊಸಮನೆಗೆ ಹೋದೆ. ಅದೂ ಹೇಡಿತನವೇ. ಬಾಗಿಲು ತೆಗೆದವಳ ತಲೆಯನ್ನೇ ನೋಡುತ್ತ ನಿಂತೆ. ಸೊಂಟದ ತನಕ ಇದ್ದ ಕೂದಲನ್ನು ಕುತ್ತಿಗೆಗೆ ಕತ್ತರಿಸಿಕೊಂಡಿದ್ದಳು.

“ಜಡೆ ಹಾಕೋಕೆ ಕೈ ಮೇಲೆ ಏಳಲ್ಲ ಅತ್ತಿಗೆ. ದಿನಾ ಅಮ್ಮನ್ನ ಎಷ್ಟು ಅಂತ ಕಾಯೋದು” ಎಂದು ಅವಳೇ ಹೇಳಿದಳು. ಬೋರ್ಡಿನ ಕೆಳಗಿನ ಅರ್ಧದಲ್ಲಿ ಮಾತ್ರ ಬರೆಯುತ್ತೇನೆ, ಮಕ್ಕಳಿಗೂ ಅದೇ ಎಟುಕುತ್ತದೆ ಎಂದು ನಕ್ಕಳು.

“ಅವನ ಮೇಲೆ ಸಿಟ್ಟಾ ನಿಂಗೆ?” ಎಂದೆ.

“ಬಿದ್ದಿದ್ದಕ್ಕಾ? ಅಲ್ಲ ಅತ್ತಿಗೆ. ದಿನಾ ಬೆಳಿಗ್ಗೆ ಎದ್ದ ಕೂಡ್ಲೇ ಒಂದೇ ಕೇಳೋರು, ನಿಂಗೂ ಆ ಸದ್ದು ಕೇಳ್ತಾ ಅಂತ. ನಂಗೆ ಹೆಲ್ಮೆಟ್ಟು, ಮೇಲೆ ರೇನ್‌ಕೋಟ್ ಟೊಪ್ಪಿ, ಮಳೆ. ಏನೂ ನೆನಪಿಲ್ಲ. ಹೌದು ಅಂದ್ರೆ ಸಮಾಧಾನಕ್ಕೆ ಸುಳ್ಳು ಹೇಳ್ತೀಯ ಅಂತಿದ್ರು. ಇಲ್ಲ ಅಂದ್ರೆ ಗೋಡೆ ಕಡೆ ತಿರುಗಿ ಅಳೋರು. ನಾನೆಷ್ಟು ದಿನ ಉತ್ತರ ಕೊಡ್ಲಿ? ಮೊನ್ನೆ ಕಿವಿ ಡಾಕ್ಟರ್ ಹತ್ರ ಹೋಗಿದ್ರಂತೆ. ಇಲ್ಲದೇ ಇರೋ ಸದ್ದು ಕೇಳ್ಸುತ್ತಾ ನೋಡಿ ಅಂತ. ಕಿವಿ ಸರಿ ಇದೆ ಅಂದ್ರಂತೆ. ಇನ್ನು ತಲೆ ಅಂತಾರೆ.”

ಅವಳು ಕಾಫಿ ತರಲು ಒಳಗೆ ಹೋದಳು. ನಾನು ಕಾಯಲಿಲ್ಲ. ಚಪ್ಪಲಿ ಮೆಟ್ಟಿ ರಸ್ತೆಗೆ ಬಂದು ಆಟೋ ಹಿಡಿದೆ. ಇನ್ನು ಒಂದು ದಿನ ತಡೆದರೆ ನಾನು ಹೇಳುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಗಾಂಧಿ ಬಜಾರಿನಲ್ಲಿ ಮದುವೆ ಸೀರೆ ಕೊಳ್ಳುವವರ ಗದ್ದಲ. ಚಂದ್ರು ಅಂಗಡಿಯ ಹಿಂಬದಿಯಲ್ಲಿ ಬಿಳಿ ಹಾಸಿನ ಮೇಲೆ ಕೂತು ಸೀರೆ ಮಡಿಚುತ್ತಿದ್ದ. ಮಡಿಚಿ, ಅಂಚು ಕೂಡಿತೇ ಎಂದು ನೋಡಿ, ಮತ್ತೆ ಬಿಚ್ಚಿ ಮಡಿಚುತ್ತಿದ್ದ. ನಾನು ಎದುರಿಗೆ ಕೂತೆ.

“ಊಟ ಆಯ್ತಾ ಅಕ್ಕ?” ಎಂದ.

“ಚಂದ್ರು, ಆ ಸ್ವಿಚ್ ನಾನು ಡೈರೆಕ್ಟ್ ಮಾಡಿದ್ದೆ.”

ಅವನ ಕೈ ನಿಂತಿತು.

“ನೀನು ಕೇಳಿದಾಗ ಇಲ್ಲ ಅಂದೆ. ಸುಳ್ಳು. ನೀನು ಆಸ್ಪತ್ರೆಲಿದ್ದಾಗ ಬಿಚ್ಚಿ ಮೊದಲಿನ ಹಾಗೆ ಜೋಡಿಸ್ದೆ. ನೀನು ಏಳು ಸಲ ನೋಡಿದ್ಯಲ್ಲ, ಆಗ ಸರಿ ಇತ್ತು. ಬಿದ್ದಾಗ ಇರ್ಲಿಲ್ಲ.”

ಮುಂದುಗಡೆ ಯಾರೋ ಮೆರೂನು ಬಣ್ಣದ್ದು ತೋರಿಸಿ ಎನ್ನುತ್ತಿದ್ದರು.

“ಹಾಗಾದ್ರೆ ಸ್ಟ್ಯಾಂಡ್ ಕೆಳಗಿತ್ತು” ಎಂದ.

“ಇತ್ತು.”

“ನಾನು ಕೇಳಿದ್ದು ಸ್ಟ್ಯಾಂಡ್ ಸದ್ದೇ.”

“ಹೌದು ಕಣೋ. ಅದೇ.”

ಅವನು ಎರಡೂ ಅಂಗೈಗಳನ್ನು ಸೀರೆಯ ಮೇಲೆ ಊರಿ ತಲೆ ತಗ್ಗಿಸಿದ. ಬೆನ್ನು ಅಲುಗುತ್ತಿತ್ತು. ನಾನು ಕೈ ಚಾಚಿದೆ. ಅವನು ತಲೆ ಎತ್ತದೆ ಹಿಂದಕ್ಕೆ ಸರಿದ.

“ಡೈರೆಕ್ಟ್ ಮಾಡಿದ್ದು ಬಿಡು. ನಾನೇ ಇದ್ದಿದ್ರೂ ಕೊನೆಗೆ ಅದನ್ನೇ ಮಾಡು ಅಂತಿದ್ನೋ ಏನೋ. ಆದ್ರೆ ಬಿಚ್ಚಿದ್ಯಲ್ಲ. ನಾನು ನಿನ್ನ ಎದುರಿಗೇ ಕೂತು ಏಳು ಸಲ ಕೇಳಿದೀನಿ. ಏಳು ಸಲ ನೀನೇ ಸ್ಟಾರ್ಟ್ ಮಾಡಿಕೊಟ್ಟೆ.”

“ತಪ್ಪಾಯ್ತು.”

“ಹುಚ್ಚು ಹಿಡಿದಿದೆ ಅಂದ್ಕೊಂಡಿದ್ದೆ ಅಕ್ಕ ನಂಗೆ. ಒಂದು ವರ್ಷ.”

ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. “ನೀನು ಹೋಗು. ಇನ್ನು ನಾನಾಗೇ ಬರೋ ತನಕ ಬರ್ಬೇಡ” ಎಂದ. ಸಿಟ್ಟಿನ ಧ್ವನಿಯಲ್ಲ. ನನ್ನ ಕಡೆ ನೋಡದೆ ಜೇಬಿನಿಂದ ಫೋನ್ ತೆಗೆದ.

ನಾನು ಎದ್ದು ಗಿರಾಕಿಗಳ ನಡುವೆ ದಾರಿ ಮಾಡಿಕೊಂಡು ಮುಂಬಾಗಿಲಿಗೆ ಬಂದೆ. ಹಿಂದಿನಿಂದ ಅವನ ಧ್ವನಿ ಕೇಳಿಸಿತು, ಗದ್ದಲವನ್ನೂ ಮೀರಿ. ಸೀರೆ ನೋಡುತ್ತಿದ್ದ ಹೆಂಗಸರು ತಿರುಗಿ ನೋಡಿದರು.

“ಲತಾ, ನಾನು ಕಣೇ. ಕೇಳಿಲ್ಲಿ. ಸ್ಟ್ಯಾಂಡ್ ಕೆಳಗಿತ್ತು. ಹೌದು, ನಾನೇ ಮರೆತಿದ್ದೆ. ನಾನೇ ತೆಗ್ದಿರ್ಲಿಲ್ಲ. ನಾನೇ ಲತಾ, ನಾನೇ ಮರೆತಿದ್ದೆ.”

ತಪ್ಪು ತನ್ನದು ಎಂದು ಅಷ್ಟು ಸಂತೋಷದಿಂದ ಹೇಳಿದ ಮನುಷ್ಯನನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಅವನು ನನ್ನ ಹೆಸರನ್ನು ಹೇಳುತ್ತಾನೇನೋ ಎಂದು ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ನಿಂತೆ. ಹೇಳಲಿಲ್ಲ.